ಫೇಡ್ ಕಟಿಂಗ್: ಎಲ್ಲಿಂದ, ಎಷ್ಟು, ಎಲ್ಲಿಯವರೆಗೆ

ಫೇಡ್ ಎಂದು ಕರೆಯುವ ಕಟಿಂಗಿನಲ್ಲಿ ನಡೆಯುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಕತ್ತಿನ ಹಿಂಭಾಗದಲ್ಲಿ ಮತ್ತು ಕಿವಿಗಳ ಸುತ್ತ ಕೂದಲನ್ನು ತೀರ ಗಿಡ್ಡವಾಗಿ ಕತ್ತರಿಸಿ, ಅಲ್ಲಿಂದ ಮೇಲೇರಿದಂತೆಲ್ಲ ಎಲ್ಲಿಯೂ ಗೆರೆ ಕಾಣದ ಹಾಗೆ ಉದ್ದವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಹೋಗಿ, ಕೊನೆಗೆ ನೆತ್ತಿಯ ಕೂದಲಿನೊಂದಿಗೆ ಸೇರಿಸಿಬಿಡುವುದು. ಈ ಏರಿಕೆ ಎಲ್ಲಿಂದ ಆರಂಭವಾಗಬೇಕು, ಎಷ್ಟು ಗಿಡ್ಡದಿಂದ ಆರಂಭವಾಗಬೇಕು, ಎಲ್ಲಿ ಮುಗಿಯಬೇಕು ಎಂಬ ಮೂರು ಸಂಗತಿಗಳನ್ನು ಬದಲಿಸಿದರೆ ಒಂದೇ ತಲೆಯ ಮೇಲೆ ಹತ್ತಾರು ಬಗೆಯ ಕಟಿಂಗ್ ಮಾಡಬಹುದು. ಆದರೆ ಕುರ್ಚಿಯಲ್ಲಿ ಕುಳಿತವರು ಸಾಮಾನ್ಯವಾಗಿ “ಫೇಡ್ ಮಾಡಿ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ, ಉಳಿದ ಮೂರನ್ನೂ ಕ್ಷೌರಿಕರು ತಮ್ಮ ರೂಢಿಯಂತೆ ತುಂಬಿಕೊಳ್ಳುತ್ತಾರೆ. ಫಲಿತಾಂಶ ಮನಸ್ಸಿಗೆ ಒಪ್ಪದಿದ್ದಾಗ ಅವರ ಕೈಗೆಲಸವನ್ನು ದೂರುವುದುಂಟು. ನನ್ನ ಅಭಿಪ್ರಾಯದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಕೆಲಸ ಚೆನ್ನಾಗಿಯೇ ಆಗಿರುತ್ತದೆ, ಕೇಳಿದವರ ಮನಸ್ಸಿನಲ್ಲಿದ್ದ ಅಳತೆ ಮಾತ್ರ ಮಾಡುವವರಿಗೆ ತಿಳಿದಿರುವುದಿಲ್ಲ.

ಆ ಅಳತೆಯನ್ನು ಹೇಳಲು ಮೊದಲು ಯಂತ್ರದ ಪರಿಚಯ ಬೇಕು. ಕೈಯಿಂದ ಒತ್ತಿ ನಡೆಸುವ ಕ್ಲಿಪ್ಪರುಗಳು ಹಿಂದೆಯೇ ಇದ್ದವು. ಅಮೆರಿಕದ ಲಿಯೋ ವಾಲ್ ವಿದ್ಯುತ್ತಿನಿಂದ ನಡೆಯುವ ಕೈ ಕ್ಲಿಪ್ಪರಿಗೆ 1919ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ನಂತರ ಈಗಿನ ಮಾದರಿಯ ಯಂತ್ರ ಕ್ಷೌರದ ಅಂಗಡಿಗಳಲ್ಲಿ ಹರಡಿತು. ಅದರ ಮುಂಭಾಗದಲ್ಲಿ ಹಲ್ಲುಗಳಿರುವ ಎರಡು ಅಲಗುಗಳಿವೆ. ಒಂದು ನಿಶ್ಚಲವಾಗಿರುತ್ತದೆ, ಇನ್ನೊಂದು ಅದರ ಮೇಲೆ ಅತಿ ವೇಗವಾಗಿ ಅತ್ತಿತ್ತ ಸರಿಯುತ್ತದೆ, ನಡುವೆ ಸಿಕ್ಕ ಕೂದಲು ತುಂಡಾಗುತ್ತದೆ. ಅಲಗು ಚರ್ಮದಿಂದ ಇಷ್ಟೇ ದೂರದಲ್ಲಿರಬೇಕು ಎಂದು ನಿಗದಿಪಡಿಸಲು ಅದರ ಮೇಲೆ ಬಾಚಣಿಗೆಯಂತಹ ಗಾರ್ಡನ್ನು ಸಿಕ್ಕಿಸುತ್ತಾರೆ. ಒಂದನೇ ನಂಬರ್, ಎರಡನೇ ನಂಬರ್ ಎಂದು ಹೇಳುವುದು ಈ ಗಾರ್ಡಿನ ನಂಬರನ್ನು. ಲೆಕ್ಕ ಸರಳವಾದದ್ದು, ಪ್ರತಿ ನಂಬರಿಗೂ ಅಂಗುಲದ ಎಂಟನೇ ಒಂದು ಭಾಗ ಸೇರುತ್ತ ಹೋಗುತ್ತದೆ. ಒಂದನೇ ನಂಬರ್ ಸುಮಾರು 3 ಮಿಲಿಮೀಟರ್ ಕೂದಲನ್ನು ಉಳಿಸುತ್ತದೆ, ಎರಡನೆಯದು 6, ಮೂರನೆಯದು ಹತ್ತಿರಹತ್ತಿರ 10, ನಾಲ್ಕನೆಯದು 13, ಆರನೆಯದು 19, ಎಂಟನೆಯದು ಪೂರ್ತಿ ಒಂದು ಅಂಗುಲ, ಅಂದರೆ 25 ಮಿಲಿಮೀಟರ್. ಇವುಗಳ ನಡುವೆ ಅರ್ಧ ನಂಬರ್ ಎಂಬ 1.5 ಮಿಲಿಮೀಟರಿನ ಗಾರ್ಡ್ ಮತ್ತು ಒಂದೂವರೆ ನಂಬರ್ ಎಂಬ 4.5 ಮಿಲಿಮೀಟರಿನ ಗಾರ್ಡ್ ಇವೆ. ಫೇಡಿನಲ್ಲಿ ಹೆಚ್ಚು ಬಳಕೆಯಾಗುವುದು ಈ ಎರಡೇ.

ಇಲ್ಲೊಂದು ಎಡವಟ್ಟಿದೆ. ಮನೆಯಲ್ಲಿ ಗಡ್ಡಕ್ಕೆ ಬಳಸುವ ಟ್ರಿಮ್ಮರುಗಳಲ್ಲಿ ಬರೆದಿರುವ ಅಂಕಿಗಳು ಸಾಮಾನ್ಯವಾಗಿ ಮಿಲಿಮೀಟರಿನವು. ಅದರಲ್ಲಿ ‘3’ ಎಂದರೆ 3 ಮಿಲಿಮೀಟರ್. ಕ್ಷೌರಿಕರ ಮೂರನೇ ನಂಬರ್ ಅದರ ಮೂರು ಪಟ್ಟಿಗೂ ಹೆಚ್ಚು. ಮನೆಯ ಯಂತ್ರದ ಅಂಕಿಯನ್ನು ನೆನಪಿಟ್ಟುಕೊಂಡು ಹೋಗಿ ನಂಬರ್ ಎಂದು ಹೇಳಿದರೆ ಗೊಂದಲ ಖಚಿತ. ಆದ್ದರಿಂದ ನಂಬರ್ ಹೇಳುವಾಗಲೆಲ್ಲ ಮಿಲಿಮೀಟರನ್ನೂ ಸೇರಿಸಿ ಹೇಳುವುದು, ಅಥವಾ ಎಷ್ಟು ಉದ್ದ ಉಳಿಯಬೇಕೆಂದು ಬೆರಳುಗಳ ನಡುವೆ ಕೂದಲನ್ನು ಹಿಡಿದು ತೋರಿಸುವುದು ಸುರಕ್ಷಿತ.

ಇದಕ್ಕಿಂತ ದೊಡ್ಡ ಗೊಂದಲ ಇರುವುದು ಝೀರೋ ಎಂಬಲ್ಲಿ. ಗಾರ್ಡ್ ಇಲ್ಲದೆ ಬರೀ ಅಲಗಿನಿಂದ ಕತ್ತರಿಸುವುದನ್ನು ಝೀರೋ ಎನ್ನುತ್ತಾರೆ. ಆದರೆ ಕ್ಲಿಪ್ಪರಿನ ಪಕ್ಕದಲ್ಲಿ ಒಂದು ಸಣ್ಣ ಲಿವರ್ ಇರುತ್ತದೆ, ಅದನ್ನು ಸರಿಸಿದರೆ ಎರಡು ಅಲಗುಗಳ ಅಂಚಿನ ನಡುವಿನ ಅಂತರ ಬದಲಾಗುತ್ತದೆ. ಲಿವರ್ ಮುಚ್ಚಿದ್ದಾಗ ಉಳಿಯುವ ಕೂದಲು ಅರ್ಧ ಮಿಲಿಮೀಟರಿನ ಆಸುಪಾಸಿನದು, ಪೂರ್ತಿ ತೆರೆದಾಗ ಒಂದೂವರೆ ಅಥವಾ ಅದಕ್ಕಿಂತ ತುಸು ಹೆಚ್ಚಿನದು. ಇದು ಯಂತ್ರದಿಂದ ಯಂತ್ರಕ್ಕೆ ವ್ಯತ್ಯಾಸವಾಗುತ್ತದೆ. ಅಂಚು ತೀಡುವ ಸಣ್ಣ ಟ್ರಿಮ್ಮರ್ ಇದಕ್ಕಿಂತಲೂ ಚರ್ಮಕ್ಕೆ ಹತ್ತಿರ ಹೋಗುತ್ತದೆ, ತೆಳು ಲೋಹದ ಜಾಲರಿ ಇರುವ ಶೇವರ್ ಅಥವಾ ಕ್ಷೌರದ ಕತ್ತಿ ಬಳಸಿದರಂತೂ ಏನೂ ಉಳಿಯುವುದಿಲ್ಲ. ಇವೆಲ್ಲವನ್ನೂ ಯಾರಾದರೊಬ್ಬರು ಝೀರೋ ಎಂದೇ ಕರೆಯುತ್ತಾರೆ. ಕೆಳಗೆ ಚರ್ಮ ಬೋಳಾಗಿ ಕಾಣಬೇಕೇ ಅಥವಾ ಕೂದಲ ನೆರಳಾದರೂ ಉಳಿಯಬೇಕೇ ಎಂಬುದನ್ನು ಬಿಡಿಸಿ ಹೇಳಿದವರಿಗೆ ಈ ಗೊಂದಲದ ಬಾಧೆ ಇರುವುದಿಲ್ಲ. ಬೋಳಾದ ಚರ್ಮದಿಂದ ಆರಂಭವಾಗುವುದನ್ನು ಸ್ಕಿನ್ ಫೇಡ್ ಎಂದೂ, ನೆರಳಿನಂತೆ ಸ್ವಲ್ಪ ಕೂದಲು ಉಳಿಸಿ ಆರಂಭಿಸುವುದನ್ನು ಶ್ಯಾಡೋ ಫೇಡ್ ಎಂದೂ ಕರೆಯುತ್ತಾರೆ.

ಅರ್ಧ, ಒಂದೂವರೆ ಎಂಬ ಇಷ್ಟು ಸಣ್ಣ ಅಳತೆಗಳಿಗೆ ಇಷ್ಟೊಂದು ಮಹತ್ವ ಏಕೆ ಎಂದು ಕೇಳಬಹುದು. ಕಾರಣ ಇರುವುದು ಕಣ್ಣು ನೋಡುವ ರೀತಿಯಲ್ಲಿ. ಗಿಡ್ಡ ಕೂದಲಿನ ತಲೆಯನ್ನು ನೋಡುವಾಗ ನಮಗೆ ಕಾಣುವುದು ಉದ್ದಕ್ಕಿಂತ ಹೆಚ್ಚಾಗಿ ಬಣ್ಣದ ಗಾಢತೆ. ಕೂದಲಿನ ನಡುವೆ ಚರ್ಮ ಎಷ್ಟು ಇಣುಕುತ್ತದೆ ಎಂಬುದರ ಮೇಲೆ ಆ ಭಾಗ ತಿಳಿಯೋ ಕಪ್ಪೋ ಎಂಬುದು ನಿರ್ಧಾರವಾಗುತ್ತದೆ. ದಟ್ಟ ಕೂದಲಿನವರಲ್ಲಿ ಆರು ಮಿಲಿಮೀಟರ್ ದಾಟಿತೆಂದರೆ ಚರ್ಮ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. 19 ಮಿಲಿಮೀಟರಿಗೂ 22 ಮಿಲಿಮೀಟರಿಗೂ ಇರುವ ವ್ಯತ್ಯಾಸವನ್ನು ಯಾರೂ ಗುರುತಿಸಲಾರರು, ಆದರೆ ಸೊನ್ನೆಗೂ ಮೂರಕ್ಕೂ ಇರುವ ಅದೇ 3 ಮಿಲಿಮೀಟರಿನ ವ್ಯತ್ಯಾಸ ರಸ್ತೆಯ ಆಚೆ ಬದಿಯಿಂದಲೇ ಕಾಣುತ್ತದೆ. ಫೇಡಿನ ಶ್ರಮವೆಲ್ಲ ಈ ಕೆಳಗಿನ ಆರು ಮಿಲಿಮೀಟರಿನೊಳಗೇ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. ಕ್ಷೌರಿಕರು ಮೊದಲು ಕೆಳಗೊಂದು ಗೆರೆ ಹಾಕಿಕೊಂಡು, ಅದರ ಮೇಲೆ ಸ್ವಲ್ಪ ಉದ್ದದ ಇನ್ನೊಂದು ಪಟ್ಟಿ ಮಾಡಿ, ನಂತರ ಲಿವರನ್ನು ಒಂದಿಷ್ಟು ತೆರೆಯುತ್ತ ಮುಚ್ಚುತ್ತ, ಯಂತ್ರವನ್ನು ತಲೆಯಿಂದ ಹೊರಕ್ಕೆ ಎತ್ತುವ ಹಾಗೆ ಚಿಮ್ಮಿಸುತ್ತ, ಎರಡು ಪಟ್ಟಿಗಳ ನಡುವಿನ ಗೆರೆಯನ್ನು ಅಳಿಸುತ್ತಾರೆ. ಸಮಯ ಹಿಡಿಯುವುದು ಈ ಅಳಿಸುವ ಕೆಲಸಕ್ಕೆ. ಅವಸರದಲ್ಲಿರುವಾಗ ಸ್ಕಿನ್ ಫೇಡ್ ಕೇಳುವುದು ಒಳ್ಳೆಯ ಆಲೋಚನೆಯಲ್ಲ.

ಗಾರ್ಡ್ ಒಂದೇ ಆದರೂ ಕೂದಲು ಬೆಳೆದ ದಿಕ್ಕಿನಲ್ಲಿ ಯಂತ್ರ ಓಡಿಸಿದರೆ ಹೆಚ್ಚು ಉಳಿಯುತ್ತದೆ, ಎದುರು ದಿಕ್ಕಿನಲ್ಲಿ ಓಡಿಸಿದರೆ ಕಡಿಮೆ ಉಳಿಯುತ್ತದೆ ಎಂಬುದೂ ಗಮನದಲ್ಲಿರಲಿ. ಒಬ್ಬರ ಕೈಯಲ್ಲಿ ಎರಡನೇ ನಂಬರ್ ಇಷ್ಟವಾಗಿದ್ದು ಇನ್ನೊಬ್ಬರ ಕೈಯಲ್ಲಿ ಅದೇ ನಂಬರ್ ಬೇರೆಯಾಗಿ ಕಂಡರೆ ಅದಕ್ಕೆ ಇದೂ ಒಂದು ಕಾರಣ.

ಎಷ್ಟು ಗಿಡ್ಡ ಎಂಬುದನ್ನು ನಿರ್ಧರಿಸುವಾಗ ನೋಟದಷ್ಟೇ ಮುಖ್ಯವಾಗಿ ಪರಿಗಣಿಸಬೇಕಾದದ್ದು ಕೂದಲಿನ ಬೆಳವಣಿಗೆಯ ವೇಗ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ದಿನಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಈ ಲೆಕ್ಕದಲ್ಲಿ ಬೋಳಿಸಿದ ಜಾಗ ನಾಲ್ಕೈದು ದಿನದಲ್ಲಿ ಅರ್ಧ ನಂಬರಿನಷ್ಟಾಗುತ್ತದೆ, ಒಂಬತ್ತು ದಿನಕ್ಕೆ ಒಂದನೇ ನಂಬರಿನಷ್ಟಾಗುತ್ತದೆ. ಸ್ಕಿನ್ ಫೇಡಿನ ಹೊಳಪು ಒಂದು ವಾರದೊಳಗೆ ಮಂಕಾಗಿ, ಎರಡನೇ ವಾರದ ಹೊತ್ತಿಗೆ ಅದು ಬರೀ ಗಿಡ್ಡ ಕಟಿಂಗಿನಂತೆ ಕಾಣುವುದು ಈ ಕಾರಣದಿಂದ. ಒಂದನೇ ನಂಬರಿನಿಂದಲೇ ಆರಂಭಿಸಿದ ಫೇಡ್ ಕೂಡ ಅಷ್ಟೇ ವೇಗದಲ್ಲಿ ಬೆಳೆಯುತ್ತದೆ, ಆದರೆ ಬದಲಾವಣೆ ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಎರಡು ವಾರಕ್ಕೊಮ್ಮೆ ಕುರ್ಚಿಯಲ್ಲಿ ಕೂರಲು ಸಿದ್ಧರಿರುವವರು ಚರ್ಮದಿಂದ ಆರಂಭಿಸಲಿ. ತಿಂಗಳಿಗೊಮ್ಮೆ ಹೋಗುವವರು ಅರ್ಧ ಅಥವಾ ಒಂದನೇ ನಂಬರಿನಿಂದ ತಗ್ಗಾಗಿ ಆರಂಭಿಸಿದರೆ ತಿಂಗಳ ಕೊನೆಯ ವಾರದಲ್ಲಿಯೂ ತಲೆ ನೇರ್ಪಾಗಿ ಕಾಣುತ್ತದೆ. ಕನ್ನಡಿಯ ಮುಂದೆ ಮೊದಲ ದಿನ ಹೇಗಿರುತ್ತದೆ ಎಂಬುದನ್ನಷ್ಟೇ ನೋಡಿ ಆರಿಸಿಕೊಳ್ಳುವುದು ಈ ವಿಷಯದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು ಲೆಕ್ಕಾಚಾರ.

ಇನ್ನು ಎತ್ತರದ ಮಾತು. ಲೋ ಫೇಡ್ ಕಿವಿಯ ಸುತ್ತ ಮತ್ತು ಕತ್ತಿನ ಕೂದಲಂಚಿನಲ್ಲಿ ಬೆರಳೆರಡರ ಅಗಲದೊಳಗೆ ಮುಗಿಯುತ್ತದೆ. ಮಿಡ್ ಫೇಡ್ ಕಣತಲೆಯ ಮಟ್ಟಕ್ಕೆ, ಅಂದರೆ ಕಣ್ಣಿನ ಹೊರತುದಿಗೂ ಕಿವಿಗೂ ನಡುವಿನ ಭಾಗದ ಎತ್ತರಕ್ಕೆ ಏರುತ್ತದೆ. ಹೈ ಫೇಡ್ ಅದನ್ನೂ ದಾಟಿ, ತಲೆ ಪಕ್ಕದಿಂದ ಮೇಲಕ್ಕೆ ಬಾಗುವ ಅಂಚಿನವರೆಗೆ ಹೋಗುತ್ತದೆ. ಈ ಅಂಚು ಎಲ್ಲಿದೆ ಎಂದು ತಿಳಿಯಲು ಒಂದು ಬಾಚಣಿಗೆಯನ್ನು ತಲೆಯ ಪಕ್ಕಕ್ಕೆ ಲಂಬವಾಗಿ, ಚಪ್ಪಟೆಯಾಗಿ ಒತ್ತಿ ಹಿಡಿಯಬೇಕು. ಬುರುಡೆ ಬಾಚಣಿಗೆಯ ಸಂಪರ್ಕ ಬಿಟ್ಟು ಒಳಕ್ಕೆ ಬಾಗುವ ಜಾಗವೇ ಅದು. ಕಟಿಂಗಿನ ಆಕಾರವೆಲ್ಲ ನಿಂತಿರುವುದು ಈ ಅಂಚಿನ ಮೇಲೆ. ಅದರ ಕೆಳಗೆ ತಲೆ ಗೋಡೆಯಂತೆ ನೆಟ್ಟಗಿರುವುದರಿಂದ ಕೂದಲು ಗಿಡ್ಡವಾದಷ್ಟೂ ಮುಖ ಕಿರಿದಾಗಿ ಕಾಣುತ್ತದೆ. ಅದರ ಮೇಲೆ ಕೂದಲು ಆಕಾಶದ ಕಡೆ ನಿಲ್ಲುವುದರಿಂದ ಅಲ್ಲಿನ ಉದ್ದ ಎತ್ತರವನ್ನು ಕೊಡುತ್ತದೆ. ಫೇಡ್ ಈ ಅಂಚನ್ನೂ ಮೀರಿ ಏರಿತೋ, ಮೇಲೆ ಉಳಿದ ಕೂದಲು ತಲೆಯ ಮೇಲೆ ಟೋಪಿ ಇಟ್ಟಂತೆ ಪ್ರತ್ಯೇಕವಾಗಿ ಕೂತುಬಿಡುತ್ತದೆ. ಬೇಕೆಂದೇ ಹಾಗೆ ಮಾಡಿಸಿಕೊಳ್ಳುವವರೂ ಇದ್ದಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕಪ್ಪು ಯುವಕರ ನಡುವೆ ಜನಪ್ರಿಯವಾದ ಹೈ ಟಾಪ್ ಫೇಡಿನಲ್ಲಿ ಪಕ್ಕಗಳು ಬೋಳಾಗಿ, ಮೇಲಿನ ಗುಂಗುರು ಕೂದಲು ಚೌಕಾಕಾರದಲ್ಲಿ ಎತ್ತರಕ್ಕೆ ನಿಲ್ಲುತ್ತಿತ್ತು. ಅಲ್ಲಿ ಆ ಬೇರ್ಪಡೆಯೇ ಅಂದ. ಉದ್ದೇಶವಿಲ್ಲದೆ ಆದಾಗ ಮಾತ್ರ ಅದು ದೋಷ.

ಎತ್ತರಕ್ಕೂ ಉದ್ದಕ್ಕೂ ಪರಸ್ಪರ ಸಂಬಂಧವಿದೆ, ಇದನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಸೊನ್ನೆಯಿಂದ 25 ಮಿಲಿಮೀಟರಿನವರೆಗಿನ ಏರಿಕೆಯನ್ನು ಕೇವಲ ಮೂರು ಸೆಂಟಿಮೀಟರ್ ಜಾಗದಲ್ಲಿ ಮುಗಿಸಬೇಕಾದರೆ ಏರು ಕಡಿದಾಗಿರುತ್ತದೆ, ಕಪ್ಪು ಬಿಳುಪಿನ ವ್ಯತ್ಯಾಸ ಎದ್ದು ಕಾಣುತ್ತದೆ. ಅದೇ ಏರಿಕೆಗೆ ಏಳೆಂಟು ಸೆಂಟಿಮೀಟರ್ ಸಿಕ್ಕರೆ ನೋಟ ಮೃದುವಾಗುತ್ತದೆ. ಹಾಗಾಗಿ ತಗ್ಗಾದ ಫೇಡ್ ಬೇಕು, ಕೆಳಗೆ ಬೋಳಾಗಿಯೂ ಇರಬೇಕು, ಆದರೆ ನೋಡಲು ಸೌಮ್ಯವಾಗಿರಬೇಕು ಎಂಬ ಮೂರು ಬೇಡಿಕೆಗಳು ಒಟ್ಟಿಗೆ ಈಡೇರುವುದು ಕಷ್ಟ. ಒಂದನ್ನು ಬಿಡಬೇಕಾಗುತ್ತದೆ. ಕಚೇರಿಗೆ ಹೊಂದುವ ಸೌಮ್ಯ ನೋಟ ಬೇಕಾದವರು ಬಿಡಬೇಕಾದದ್ದು ಬೋಳುತನವನ್ನು ಎಂದು ನನಗನ್ನಿಸುತ್ತದೆ. ಟೇಪರ್ ಎಂಬ ಬಗೆಯಲ್ಲಿ ಆಗುವುದು ಬಹುಮಟ್ಟಿಗೆ ಇದೇ: ಕಿವಿಯ ಮುಂದಿನ ಕೂದಲ ಪಟ್ಟಿಯಲ್ಲಿ ಮತ್ತು ಕತ್ತಿನ ಅಂಚಿನಲ್ಲಿ ಮಾತ್ರ ಸಣ್ಣದಾಗಿ ಕರಗಿಸಿ, ಕಿವಿಯ ಮೇಲಿನ ಕೂದಲನ್ನು ಹೆಚ್ಚು ಮುಟ್ಟದೆ ಬಿಡುತ್ತಾರೆ. ಉಳಿದ ಹೆಸರುಗಳು ಏರಿಕೆಯ ಗೆರೆ ಸಾಗುವ ದಾರಿಯನ್ನು ಸೂಚಿಸುತ್ತವೆ. ಗೆರೆ ಕಿವಿಯ ಹಿಂದೆ ಕೆಳಕ್ಕೆ ಇಳಿದು ಸಾಗಿದರೆ ಡ್ರಾಪ್ ಫೇಡ್, ಕಿವಿಯನ್ನು ಕೇಂದ್ರವಾಗಿಟ್ಟು ಅರ್ಧಚಂದ್ರಾಕಾರದಲ್ಲಿ ಹರಡಿ ಕತ್ತಿನ ಕೂದಲನ್ನು ಉಳಿಸಿದರೆ ಬರ್ಸ್ಟ್ ಫೇಡ್.

ಯಾವ ಎತ್ತರ ತಮಗೆ ಹೊಂದುತ್ತದೆ ಎಂಬ ಪ್ರಶ್ನೆಗೆ ಮುಖದ ಆಕಾರವನ್ನು ನೋಡಿ ಉತ್ತರಿಸುವ ರೂಢಿ ಇದೆ. ಉರುಟು ಮುಖಕ್ಕೆ ಹೈ, ಉದ್ದ ಮುಖಕ್ಕೆ ಲೋ ಎಂಬ ಸಲಹೆಯನ್ನು ಎಲ್ಲೆಡೆ ಕಾಣಬಹುದು. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಪಕ್ಕಗಳು ತೆಳುವಾದಷ್ಟೂ ಮುಖ ಉದ್ದವಾಗಿ ಕಾಣುತ್ತದೆ, ಈಗಾಗಲೇ ಉದ್ದವಿರುವ ಮುಖಕ್ಕೆ ಅದು ಅತಿಯಾಗುತ್ತದೆ. ಆದರೆ ಮುಖಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಬುರುಡೆಯನ್ನು. ಗಿಡ್ಡ ಕೂದಲು ತಲೆಯ ಆಕಾರವನ್ನು ಬಯಲು ಮಾಡುತ್ತದೆ. ಹೆಡತಲೆ ಚಪ್ಪಟೆಯಾಗಿದ್ದರೆ ಹಿಂದುಗಡೆ ಫೇಡನ್ನು ತಗ್ಗಾಗಿ ಇರಿಸಿ, ಚಪ್ಪಟೆ ಜಾಗದ ಮೇಲೆ ಸ್ವಲ್ಪ ಉದ್ದ ಕೂದಲು ಬಿಟ್ಟರೆ ಪಕ್ಕದಿಂದ ನೋಡುವಾಗ ಉಬ್ಬಿದಂತೆ ಕಾಣುತ್ತದೆ. ಹೆಡತಲೆಯ ಮೂಳೆ ಹೊರಕ್ಕೆ ಚಾಚಿಕೊಂಡಿದ್ದರೆ ಅದರ ಕೆಳಗಿನ ತಗ್ಗಿನಲ್ಲಿ ಕೂದಲು ಸ್ವಲ್ಪ ಹೆಚ್ಚಿರಬೇಕು, ಇಲ್ಲವಾದರೆ ಅಲ್ಲಿ ನೆರಳು ಬಿದ್ದು ಗೆರೆಯಂತೆ ತೋರುತ್ತದೆ. ಹಳೆಯ ಗಾಯದ ಕಲೆಗಳು, ಮಚ್ಚೆಗಳು, ಸಣ್ಣ ಉಬ್ಬುಗಳು ಎಲ್ಲಿವೆ ಎಂದು ಬೆರಳಾಡಿಸಿ ತಿಳಿದುಕೊಂಡು, ಅವು ಕಾಣಬಾರದಿದ್ದರೆ ಫೇಡನ್ನು ಅದಕ್ಕಿಂತ ಕೆಳಗೆ ನಿಲ್ಲಿಸಲು ಮೊದಲೇ ಹೇಳಬೇಕು. ಗಾಯದ ಕಲೆಯ ಮೇಲೆ ಕೂದಲು ಹುಟ್ಟುವುದಿಲ್ಲವಾದ್ದರಿಂದ ಒಂದನೇ ನಂಬರಿನಲ್ಲಿ ಅದು ಬಿಳಿ ಗೀಟಿನಂತೆ ಎದ್ದು ಕಾಣುತ್ತದೆ. ಕಿವಿ ಹೊರಚಾಚಿದವರು ಕಿವಿಯ ಮೇಲೆ ಒಂದಿಷ್ಟು ಕೂದಲ ದಪ್ಪ ಉಳಿಸಿಕೊಂಡರೆ ಕಿವಿ ಒಂಟಿಯಾಗಿ ಕಾಣುವುದಿಲ್ಲ.

ಸುಳಿಯನ್ನು ಮರೆಯುವಂತಿಲ್ಲ. ನೆತ್ತಿಯ ಹಿಂಭಾಗದಲ್ಲಿ ಕೂದಲು ಸುತ್ತಿಕೊಂಡು ಬೆಳೆಯುವ ಈ ಜಾಗದಲ್ಲಿ ಮಧ್ಯಮ ಉದ್ದ ಎಂಬುದು ಅತ್ಯಂತ ಕೆಟ್ಟ ಆಯ್ಕೆ. ತೀರ ಗಿಡ್ಡವಾಗಿದ್ದರೆ ಕೂದಲಿಗೆ ನಿಲ್ಲುವಷ್ಟು ಉದ್ದವೇ ಇರುವುದಿಲ್ಲ. ಸಾಕಷ್ಟು ಉದ್ದವಿದ್ದರೆ ತನ್ನ ಭಾರಕ್ಕೆ ತಾನೇ ಮಲಗುತ್ತದೆ. ನಡುವಿನದು ಮಾತ್ರ ಎಷ್ಟು ಬಾಚಿದರೂ ಎದ್ದು ನಿಲ್ಲುತ್ತದೆ. ಎರಡು ಸುಳಿ ಇರುವವರು ಹೈ ಫೇಡನ್ನು ಸುಳಿಯ ಅಂಚಿಗೆ ತಾಗುವಂತೆ ಮಾಡಿಸಿಕೊಂಡರೆ ಮುಂದಿನ ಮೂರು ವಾರ ಆ ಜಾಗವನ್ನು ನೀರು ಹಚ್ಚಿ ಒತ್ತುತ್ತಲೇ ಇರಬೇಕಾಗುತ್ತದೆ. ಕತ್ತಿನ ಅಂಚಿನಲ್ಲಿಯೂ ಕೆಲವರಿಗೆ ಕೂದಲು ಪಕ್ಕಕ್ಕೆ ತಿರುಗಿ ಬೆಳೆಯುತ್ತದೆ. ಅಲ್ಲಿ ಒಂದೇ ದಿಕ್ಕಿನಲ್ಲಿ ಯಂತ್ರ ಓಡಿಸಿದರೆ ಒಂದು ಬದಿ ಕಪ್ಪು, ಇನ್ನೊಂದು ಬದಿ ತಿಳಿಯಾಗಿ ಉಳಿಯುತ್ತದೆ.

ಕೂದಲಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಕಪ್ಪು ನೇರ ಕೂದಲು ಮತ್ತು ತಿಳಿ ಚರ್ಮ ಜೊತೆಯಾದಲ್ಲಿ ಪ್ರತಿಯೊಂದು ಗೆರೆಯೂ ಕಾಣುತ್ತದೆ, ಫೇಡ್ ಮಾಡಲು ಅತಿ ಕಷ್ಟದ ಜೋಡಿ ಅದು. ಚರ್ಮವೂ ಕೂದಲೂ ಗಾಢ ಬಣ್ಣದವಾದಾಗ, ಅದರಲ್ಲಿಯೂ ಗುಂಗುರು ಕೂದಲಿನಲ್ಲಿ, ಏರಿಕೆ ತಾನಾಗಿಯೇ ಮೃದುವಾಗಿ ಬರುತ್ತದೆ. ಕಣತಲೆಯಲ್ಲಿ ನರೆತಿರುವವರಿಗೆ ಅಲ್ಲಿನ ಕೂದಲು ಗಿಡ್ಡವಾದೊಡನೆ ಚರ್ಮದ ಬಣ್ಣದೊಳಗೆ ಬೆರೆತು, ಕೇಳಿದ್ದಕ್ಕಿಂತ ಒಂದು ಹಂತ ಮೇಲಕ್ಕೆ ಬೋಳಿಸಿದಂತೆ ತೋರುತ್ತದೆ. ಅವರು ಒಂದು ನಂಬರ್ ಹೆಚ್ಚಿಟ್ಟು ಆರಂಭಿಸುವುದು ಲೇಸು. ನೆತ್ತಿಯಲ್ಲಿ ಕೂದಲು ವಿರಳವಾಗುತ್ತಿರುವವರಿಗೆ ಫೇಡ್ ಒಳ್ಳೆಯ ಆಯ್ಕೆ, ಏಕೆಂದರೆ ಪಕ್ಕಗಳು ದಟ್ಟವಾಗಿದ್ದಷ್ಟೂ ಮೇಲಿನ ವಿರಳತೆ ಹೋಲಿಕೆಯಲ್ಲಿ ಎದ್ದು ಕಾಣುತ್ತದೆ, ಪಕ್ಕಗಳನ್ನು ಗಿಡ್ಡ ಮಾಡಿದೊಡನೆ ಮೇಲಿನದು ತುಂಬಿಕೊಂಡಂತೆ ಅನ್ನಿಸುತ್ತದೆ. ಆದರೆ ಮೇಲಿನ ಕೂದಲನ್ನೂ ಗಿಡ್ಡವಾಗಿಯೇ ಇಡಬೇಕು. ಉದ್ದ ಬೆಳೆಸಿ ಬಾಚಿ ಮುಚ್ಚುವ ಪ್ರಯತ್ನ ಫೇಡಿನ ಜೊತೆ ಹೊಂದುವುದಿಲ್ಲ.

ಚರ್ಮದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುಂಗುರು ಕೂದಲನ್ನು ಚರ್ಮದ ಮಟ್ಟಕ್ಕೆ ಬೋಳಿಸಿದಾಗ ಅದರ ಚೂಪು ತುದಿ ಮತ್ತೆ ಚರ್ಮದೊಳಗೆ ಬಾಗಿ ಬೆಳೆದು ಗುಳ್ಳೆಗಳಾಗುವುದುಂಟು. ಕತ್ತಿನ ಹಿಂಭಾಗದಲ್ಲಿ ಪದೇ ಪದೇ ಗಟ್ಟಿಯಾದ ಗುಳ್ಳೆಗಳೇಳುವವರು ಅಲ್ಲಿ ಕತ್ತಿಯನ್ನಾಗಲಿ ಶೇವರನ್ನಾಗಲಿ ಬಳಸಲು ಬಿಡದೆ, ಅರ್ಧ ಅಥವಾ ಒಂದನೇ ನಂಬರಿಗೇ ನಿಲ್ಲಿಸಿ, ಚರ್ಮವೈದ್ಯರಿಗೆ ತೋರಿಸಬೇಕು. ಅದು ಬೆಳೆದು ಕಲೆಯಾಗಿ ಉಳಿಯುವ ಕಾಯಿಲೆಯೂ ಆಗಿರಬಹುದು. ಹುಳುಕಡ್ಡಿಯಂತಹ ಶಿಲೀಂಧ್ರದ ಸೋಂಕು ಸ್ವಚ್ಛಗೊಳಿಸದ ಅಲಗಿನಿಂದ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತದೆ, ಯಂತ್ರ ಚರ್ಮವನ್ನು ಉಜ್ಜಿಕೊಂಡು ಹೋಗುವ ಸ್ಕಿನ್ ಫೇಡಿನಲ್ಲಿ ಅದಕ್ಕೆ ಅವಕಾಶ ಹೆಚ್ಚು. ಆರಂಭಿಸುವ ಮೊದಲು ಅಲಗನ್ನು ಸೋಂಕುನಿವಾರಕದಿಂದ ಶುಚಿಗೊಳಿಸಿಕೊಳ್ಳಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ, ಕತ್ತಿ ಬಳಸುವುದಾದರೆ ಹೊಸ ಬ್ಲೇಡು ಹಾಕಿಸಿಕೊಳ್ಳುವುದು ಎಲ್ಲರ ಹಕ್ಕು.

ಮೇಲ್ಭಾಗವನ್ನು ಕುರಿತು ಹೇಳಬೇಕಾದದ್ದು ಕಡಿಮೆ. ಬಝ್ ಕಟಿಂಗಿನಲ್ಲಿ ಮೇಲೆಲ್ಲ ಒಂದೇ ಗಾರ್ಡ್ ಓಡುತ್ತದೆ. ಕ್ರೂ ಕಟಿಂಗಿನಲ್ಲಿ ಹಿಂದೆ ಗಿಡ್ಡವಾಗಿದ್ದು ಹಣೆಯ ಕಡೆಗೆ ಸ್ವಲ್ಪಸ್ವಲ್ಪ ಉದ್ದವಾಗುತ್ತದೆ. ಕ್ರಾಪ್ ಎಂಬುದರಲ್ಲಿ ಕೂದಲನ್ನು ಮುಂದಕ್ಕೆ ಬಾಚಿ ಹಣೆಯ ಮೇಲೆ ನೇರವಾಗಿ ಕತ್ತರಿಸುತ್ತಾರೆ, ಹಣೆಯಂಚು ಹಿಂದೆ ಸರಿಯುತ್ತಿರುವವರಿಗೆ ಇದು ಅನುಕೂಲ. ಬೈತಲೆ ತೆಗೆಯುವವರಾದರೆ ಯಾವ ಬದಿಗೆ ಎಂದು ಹೇಳಲೇಬೇಕು, ಏಕೆಂದರೆ ಬೈತಲೆಯ ಬದಿಯಲ್ಲಿ ಫೇಡ್ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದನ್ನು ಅದೇ ನಿರ್ಧರಿಸುತ್ತದೆ. ಹೇಳದೇ ಹೋದರೆ ಬೈತಲೆಯ ಗೆರೆಯನ್ನು ಯಂತ್ರ ತಿಂದುಹಾಕಿರುತ್ತದೆ.

ಇಷ್ಟನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಂಡ ಮೇಲೆ ಕ್ಷೌರಿಕರಿಗೆ ಹೇಳುವುದು ಕಷ್ಟವಲ್ಲ. ಮೊದಲು ಹೇಳಬೇಕಾದದ್ದು ಹಿಂದಿನ ಕಟಿಂಗ್ ಯಾವಾಗ ಆಯಿತು ಎಂಬುದು. ತಲೆಯ ಮೇಲೆ ಈಗಿರುವ ಕೂದಲನ್ನು ನೋಡುತ್ತಿರುವ ಅವರಿಗೆ ಆ ಒಂದು ಮಾತಿನಿಂದ ಹಿಂದಿನ ಉದ್ದವೂ ಬೆಳವಣಿಗೆಯ ರೀತಿಯೂ ತಿಳಿಯುತ್ತದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಹೇಳಿಕೊಂಡು ಹೋಗುವುದು ಉತ್ತಮ, ಅವರು ಕೆಲಸ ಮಾಡುವುದೂ ಸಾಮಾನ್ಯವಾಗಿ ಅದೇ ಕ್ರಮದಲ್ಲಿ. ಉದಾಹರಣೆಗೆ ಹೀಗೆ ಹೇಳಬಹುದು: “ಕಟಿಂಗ್ ಮಾಡಿಸಿ ನಾಲ್ಕು ವಾರ ಆಯಿತು. ನನಗೆ ಲೋ ಫೇಡ್ ಬೇಕು. ಕೆಳಗೆ ಅರ್ಧ ನಂಬರಿನಿಂದ ಆರಂಭಿಸಿ, ಚರ್ಮ ಬೋಳಾಗುವುದು ಬೇಡ. ಕಿವಿಯಿಂದ ಎರಡು ಬೆರಳಿಗಿಂತ ಮೇಲೆ ಹೋಗಬೇಡಿ, ಪಕ್ಕದಲ್ಲಿ ಎಲ್ಲಕ್ಕಿಂತ ಉದ್ದ ಎಂದರೆ ಮೂರನೇ ನಂಬರ್, ಹತ್ತು ಮಿಲಿಮೀಟರ್ ಇರಲಿ. ಮೇಲೆ ಕತ್ತರಿಯಲ್ಲೇ ಕತ್ತರಿಸಿ, ಮೂರು ಸೆಂಟಿಮೀಟರ್ ಉಳಿಸಿ, ಮುಂದೆ ಸ್ವಲ್ಪ ಹೆಚ್ಚಿರಲಿ. ಕತ್ತಿನ ಹಿಂದೆ ಚೌಕ ಗೆರೆ ಹಾಕುವುದು ಬೇಡ, ಹಾಗೆಯೇ ಕರಗಿಸಿಬಿಡಿ.” ಅರ್ಧ ನಿಮಿಷದ ಮಾತು. ಇದರಲ್ಲಿ ಲೋ ಫೇಡ್ ಎಂಬ ಹೆಸರನ್ನು ತೆಗೆದುಹಾಕಿದರೂ ಕಟಿಂಗ್ ಸರಿಯಾಗಿಯೇ ಬರುತ್ತದೆ. ಉಳಿದದ್ದನ್ನು ತೆಗೆದು ಹೆಸರನ್ನಷ್ಟೇ ಉಳಿಸಿದರೆ ಬರುವುದಿಲ್ಲ.

ಕತ್ತಿನ ಗೆರೆಯ ಬಗ್ಗೆ ಪ್ರತ್ಯೇಕವಾಗಿ ಹೇಳುವುದಕ್ಕೆ ಕಾರಣವಿದೆ. ಚೌಕವಾಗಿ ಅಥವಾ ಉರುಟಾಗಿ ಗೆರೆ ಕೊರೆದು ಕೆಳಗೆ ಬೋಳಿಸಿದರೆ ಮೊದಲ ಎರಡು ಮೂರು ದಿನ ಅಚ್ಚುಕಟ್ಟಾಗಿ ಕಾಣುತ್ತದೆ, ಆಮೇಲೆ ಗೆರೆಯ ಕೆಳಗೆ ಮೊಳೆಯುವ ಕೂದಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಗೆರೆ ಇಲ್ಲದೆ ಕರಗಿಸಿದ್ದರಲ್ಲಿ ಈ ತೊಂದರೆ ಇಲ್ಲ. ಹಣೆಯ ಅಂಚನ್ನು ಟ್ರಿಮ್ಮರಿನಿಂದ ನೇರ ಮಾಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹಣೆಯಂಚನ್ನು ಒಮ್ಮೆ ಹಿಂದಕ್ಕೆ ತಳ್ಳಿದರೆ ಅದು ಸಹಜ ಜಾಗಕ್ಕೆ ಬೆಳೆದು ಬರುವವರೆಗೆ ಮುಳ್ಳುಮುಳ್ಳಾದ ಕೂದಲನ್ನು ಹಣೆಯ ಮೇಲೆ ಹೊತ್ತು ತಿರುಗಬೇಕು. ಬೇಡದಿದ್ದರೆ ಬೇಡ ಎಂದು ಮೊದಲೇ ಹೇಳಿಬಿಡಬೇಕು, ಏಕೆಂದರೆ ಬಹಳ ಕಡೆ ಅದನ್ನು ಕೇಳದೆಯೇ ಮಾಡುತ್ತಾರೆ. ಗಡ್ಡ ಇರುವವರು ಕಿವಿಯ ಮುಂದೆ ತಲೆಗೂದಲೂ ಗಡ್ಡವೂ ಎಲ್ಲಿ ಸೇರಬೇಕು, ಅಲ್ಲಿಯೂ ಮೇಲಿನಿಂದ ಕೆಳಕ್ಕೆ ಕರಗಿಸಬೇಕೇ ಎಂಬುದನ್ನು ತಿಳಿಸಬೇಕು.

ಫೋಟೋ ತೋರಿಸುವುದು ಒಳ್ಳೆಯದೇ, ಆದರೆ ಆರಿಸುವಾಗ ವಿವೇಚನೆ ಬೇಕು. ಫೋಟೋದಲ್ಲಿರುವವರ ಕೂದಲು ನಮ್ಮ ಕೂದಲಿನಂತೆಯೇ ಇರಬೇಕು. ಗುಂಗುರು ಕೂದಲಿನ ಫೋಟೋ ಹಿಡಿದು ನೇರ ಕೂದಲಿನವರು ಕೂತರೆ ಕ್ಷೌರಿಕರಿಂದ ಏನೂ ಮಾಡಲಾಗದು. ಮುಂದಿನಿಂದ ತೆಗೆದ ಒಂದೇ ಚಿತ್ರಕ್ಕಿಂತ ಪಕ್ಕ ಮತ್ತು ಹಿಂಭಾಗ ಕಾಣುವ ಚಿತ್ರಗಳು ಹೆಚ್ಚು ಉಪಯುಕ್ತ, ಫೇಡ್ ಇರುವುದೇ ಅಲ್ಲಿ. ಜಾಲದಲ್ಲಿ ಸಿಗುವ ಬಹುಪಾಲು ಚಿತ್ರಗಳನ್ನು ಕಟಿಂಗ್ ಮುಗಿದ ಕೂಡಲೇ, ಪ್ರಖರ ಬೆಳಕಿನಲ್ಲಿ, ಕೆಲವೊಮ್ಮೆ ಅಂಚಿಗೆ ಬಣ್ಣದ ಪುಡಿ ಹಚ್ಚಿ ತೆಗೆದಿರುತ್ತಾರೆ ಎಂಬುದನ್ನೂ ನೆನಪಿಡಬೇಕು. ಇವೆಲ್ಲಕ್ಕಿಂತ ಒಳ್ಳೆಯ ಚಿತ್ರವೆಂದರೆ ಇಷ್ಟವಾದ ಕಟಿಂಗ್ ಆದ ದಿನ ನಮ್ಮದೇ ತಲೆಯ ಪಕ್ಕ ಮತ್ತು ಹಿಂಭಾಗವನ್ನು ತೆಗೆದಿಟ್ಟುಕೊಂಡದ್ದು. ಫೋಟೋ ತೋರಿಸಿ ಸುಮ್ಮನಾಗದೆ, ಅದರಲ್ಲಿ ಇಷ್ಟವಾದದ್ದು ಎತ್ತರವೋ ಮೇಲಿನ ಉದ್ದವೋ ಎಂದು ಬೆರಳಿಟ್ಟು ಹೇಳಬೇಕು.

ತಲೆ ತೊಳೆದು, ಎಣ್ಣೆ ಜೆಲ್ಲು ಹಚ್ಚದೆ, ಟೋಪಿ ಹಾಕದೆ ಹೋದರೆ ಕೂದಲು ಸಹಜವಾಗಿ ಬೀಳುವ ರೀತಿ ಅವರಿಗೆ ಕಾಣುತ್ತದೆ. ಹೊಸ ಕ್ಷೌರಿಕರ ಬಳಿ ಮೊದಲ ಸಲ ಹೋದಾಗ ಬೇಕೆನಿಸಿದ್ದಕ್ಕಿಂತ ಒಂದು ನಂಬರ್ ಹೆಚ್ಚಿಗೆ, ಒಂದು ಬೆರಳು ತಗ್ಗಾಗಿ ಕೇಳುವುದು ಜಾಣತನ. ಕನ್ನಡಿಯಲ್ಲಿ ನೋಡಿ ಇನ್ನೂ ಕಡಿಮೆ ಮಾಡಿ ಎನ್ನಬಹುದು, ಅದರ ತಿರುಗುಮುರುಗು ಸಾಧ್ಯವಿಲ್ಲ. ಎತ್ತರದ ಬಗ್ಗೆ ಸಂದೇಹವಿದ್ದರೆ ಕೆಳಗಿನ ಮೊದಲ ಗೆರೆ ಹಾಕುವ ಹೊತ್ತಿಗೇ ಹೇಳಬೇಕು. ಆ ಗೆರೆ ಬಿದ್ದ ಮೇಲೆ ಫೇಡ್ ಅದಕ್ಕಿಂತ ಕೆಳಗೆ ಬರುವುದಿಲ್ಲ.

ಮುಗಿದ ಮೇಲೆ ಕೈಗನ್ನಡಿ ಕೇಳಿ ಹಿಂಭಾಗವನ್ನೂ ಎರಡೂ ಪಕ್ಕಗಳನ್ನೂ ನೋಡಬೇಕು. ಎರಡು ಬದಿಯ ಎತ್ತರ ಒಂದೇ ಇದೆಯೇ ಎಂಬುದನ್ನು ನೇರ ಮುಂದಿನಿಂದ ನೋಡಿದರೆ ಮಾತ್ರ ತಿಳಿಯುತ್ತದೆ. ಎಲ್ಲಿಯಾದರೂ ಕಪ್ಪು ಗೆರೆ ಉಳಿದಿದ್ದರೆ ತೋರಿಸಿ, “ಇಲ್ಲಿ ಗೆರೆ ಕಾಣುತ್ತಿದೆ, ಸ್ವಲ್ಪ ಕರಗಿಸಿ” ಎಂದರೆ ಅದರಲ್ಲಿ ಆಕ್ಷೇಪವೇನೂ ಇಲ್ಲ, ಒಳ್ಳೆಯ ಕೆಲಸಗಾರರು ಅದನ್ನು ಇಷ್ಟಪಡುತ್ತಾರೆ. ಕೆಳಗೆ ಯಾವ ನಂಬರ್, ಮೇಲೆ ಯಾವ ನಂಬರ್ ಬಳಸಿದಿರಿ ಎಂದು ಆಗಲೇ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಸಲಕ್ಕೆ ಅದೇ ಆಧಾರ. ಮನೆಗೆ ಬಂದು ತಲೆ ತೊಳೆದ ಮೇಲೆ ಕಾಣಿಸುವ ದೋಷಗಳಲ್ಲಿ ಎರಡು ಬಗೆ. ಕಪ್ಪು ಗೆರೆಯಾದರೆ ಅಲ್ಲಿ ಕೂದಲು ಹೆಚ್ಚಾಗಿ ಉಳಿದಿದೆ ಎಂದರ್ಥ. ಎರಡು ದಿನದೊಳಗೆ ಮರಳಿ ಹೋಗಿ ತೆಗೆಸಿಕೊಳ್ಳಬಹುದು, ಫೇಡ್ ಕೂದಲೆಳೆಯಷ್ಟು ಮೇಲಕ್ಕೆ ಏರುತ್ತದೆ ಅಷ್ಟೆ. ತಿಳಿಯಾದ ಗುಳಿಯಾದರೆ ಅಲ್ಲಿ ಬೇಕಾದದ್ದಕ್ಕಿಂತ ಗಿಡ್ಡವಾಗಿದೆ ಎಂದರ್ಥ. ಅದನ್ನು ಸರಿಪಡಿಸಲು ಸುತ್ತಲಿನದನ್ನೆಲ್ಲ ಗಿಡ್ಡ ಮಾಡುತ್ತ ಹೋದರೆ ಇಡೀ ಫೇಡ್ ಒಂದು ಮಟ್ಟ ಮೇಲಕ್ಕೆ ಹೋಗುತ್ತದೆ. ಗುಳಿ ಮೂರು ಮಿಲಿಮೀಟರಿನ ಒಳಗಿನದಾದರೆ ಒಂಬತ್ತು ಹತ್ತು ದಿನ ಸುಮ್ಮನೆ ಬಿಟ್ಟು, ಆಮೇಲೆ ಸುತ್ತಲಿನದನ್ನು ಅದಕ್ಕೆ ಸಮನಾಗಿ ತೀಡಿಸಿಕೊಳ್ಳುವುದೇ ಕಡಿಮೆ ನಷ್ಟದ ದಾರಿ.